ಬೈಕಂಪಾಡಿಯ ಪ್ರೆಷರ್ ವೆಸೆಲ್ ಕೆಲಸದಿಂದ ಫ್ಯೂಷನ್ ಕ್ಷೇತ್ರಕ್ಕೆ: ಡಿಸೈನ್ ಇಂಜಿನಿಯರ್‌ಗೆ ಅಲ್ಲಿ ಏನು ಕೆಲಸ?

ಮುಲ್ಕಿಯ ಡ್ರಾಯಿಂಗ್ ಬೋರ್ಡ್ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಕೆಲವು ವರ್ಷಗಳಿಂದ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಕಂಪನಿಯ ಡಿಸೈನ್ ವಿಭಾಗದಲ್ಲಿದ್ದೇನೆ. ಪ್ರೆಷರ್ ವೆಸೆಲ್ (ಒತ್ತಡ ತಾಳುವ ಪಾತ್ರೆ), ಹೀಟ್ ಎಕ್ಸ್‌ಚೇಂಜರ್ (ಶಾಖ ವರ್ಗಾಯಿಸುವ ಸಾಧನ), ಸ್ಟೋರೇಜ್ ಟ್ಯಾಂಕ್, ಇವೇ ನಮ್ಮ ನಿತ್ಯದ ಸರಕು. ರಿಫೈನರಿ ಮತ್ತು ರಸಗೊಬ್ಬರ ಕಾರ್ಖಾನೆಗಳ ಶಟ್‌ಡೌನ್ ಹತ್ತಿರ ಬಂದಾಗ ಕೆಲಸ ಮೈಮೇಲೆ ಬೀಳುತ್ತದೆ. ಉಳಿದ ದಿನಗಳಲ್ಲಿ ಹಳೆಯ ಡ್ರಾಯಿಂಗ್‌ನ ಅಳತೆಗಳನ್ನು ತಿದ್ದಿ ಹೊಸ ನಂಬರು ಹಾಕಿ ಕಳುಹಿಸುವುದೇ ಹೆಚ್ಚು. ಪ್ರೆಷರ್ ವೆಸೆಲ್‌ಗಳ ಅಮೆರಿಕನ್ ನಿಯಮಾವಳಿಯಾದ ಎಎಸ್‌ಎಂಇ ಸೆಕ್ಷನ್ 8ರ ಲೆಕ್ಕಗಳು ಕೈಗೆ ಹತ್ತಿವೆ, ಹೀಟ್ ಎಕ್ಸ್‌ಚೇಂಜರ್‌ಗಳ ಮಾನದಂಡವಾದ ಟೆಮಾ ಕೂಡ ಗೊತ್ತು, ಅನ್‌ಸಿಸ್ ಸಾಫ್ಟ್‌ವೇರ್‌ನಲ್ಲಿ ಸಾಧಾರಣ ಮಟ್ಟದ ವಿಶ್ಲೇಷಣೆ ಮಾಡಬಲ್ಲೆ.

ಇತ್ತೀಚೆಗೆ ಬೈಜಿಕ ಸಮ್ಮಿಲನ, ಅಂದರೆ ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಫ್ಯೂಷನ್ ಕ್ಷೇತ್ರದ ಒಂದು ಹುದ್ದೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಹುದ್ದೆಯ ಹೆಸರು ಮೆಕ್ಯಾನಿಕಲ್ ಡಿಸೈನ್ ಇಂಜಿನಿಯರ್. ಕೆಲಸ ನಿರ್ವಾತ ಪಾತ್ರೆ ಮತ್ತು ಅದರ ಒಳಭಾಗಗಳಿಗೆ ಸಂಬಂಧಿಸಿದ್ದು. ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆಯೂ ಬಂದಿದೆ. ಆದರೆ ಪ್ಲಾಸ್ಮಾ, ಅಂದರೆ ಅತಿಯಾಗಿ ಕಾದು ವಿದ್ಯುದಾವೇಶಗೊಂಡ ಅನಿಲದ ಭೌತಶಾಸ್ತ್ರದ ಗಂಧಗಾಳಿಯೂ ಇಲ್ಲದ ನಾನು ಅಲ್ಲಿ ಹೋಗಿ ಮಾಡುವುದೇನು ಎಂಬ ಅಳುಕು ಬಿಟ್ಟಿಲ್ಲ. ಈಗ ಕಲಿತಿರುವ ವಿದ್ಯೆಗೆ ಅಲ್ಲಿ ಬೆಲೆ ಇದೆಯೇ, ಅಥವಾ ಮೊದಲು ಎಂ.ಟೆಕ್. ಮಾಡಿ ಹೊಸದಾಗಿ ಆರಂಭಿಸಬೇಕೇ? ದಿನವಿಡೀ ಅವರು ಕುಳಿತು ಮಾಡುವ ಕೆಲಸ ಎಂಥದ್ದು? ಇನ್ನೂ ಒಂದು ಬಲ್ಬು ಉರಿಸದ ಯಂತ್ರಕ್ಕಾಗಿ ಊರು ಬಿಡುವ ಬದಲು ಕೈಗಾ ಅಣುಸ್ಥಾವರದಲ್ಲಿ ಕೆಲಸ ಹುಡುಕಿದರೆ ಮಗಳು ಹತ್ತಿರವಾದರೂ ಇರುತ್ತಾಳೆ ಎನ್ನುವುದು ತಂದೆಯವರ ವಾದ. ಅವರಿಗೆ ಹೇಳಲು ನನ್ನ ಬಳಿ ಸರಿಯಾದ ಉತ್ತರವಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಕೂಳೂರು ಸೇತುವೆ ಅವರ ಉತ್ತರ

ಮೇಡಂ, ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. ನಾನು ಓದುವ ಕಾಲದಿಂದಲೂ ಫ್ಯೂಷನ್ ವಿದ್ಯುತ್ತು ಇನ್ನು ಮೂವತ್ತು ವರ್ಷದಲ್ಲಿ ಬರುತ್ತದೆ ಎಂದು ಕೇಳುತ್ತಲೇ ಇದ್ದೇನೆ. ಆ ಮೂವತ್ತು ವರ್ಷ ಕಡಿಮೆಯಾದದ್ದನ್ನು ಕಾಣೆ. ಫ್ರಾನ್ಸಿನಲ್ಲಿ ಏಳು ಪಾಲುದಾರರು ಸೇರಿ ಕಟ್ಟುತ್ತಿರುವ ಐಟರ್ ಎಂಬ ಪ್ರಾಯೋಗಿಕ ಫ್ಯೂಷನ್ ಯಂತ್ರದ ಒಪ್ಪಂದಕ್ಕೆ 2006ರಲ್ಲಿ ಸಹಿ ಬಿದ್ದಿತು. 2024ರಲ್ಲಿ ಪ್ರಕಟಿಸಿದ ಪರಿಷ್ಕೃತ ವೇಳಾಪಟ್ಟಿಯಂತೆ ಸಂಶೋಧನಾ ಕಾರ್ಯಾಚರಣೆ ಶುರುವಾಗುವುದೇ 2034ಕ್ಕೆ, ಇಂಧನವಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ (ಜಲಜನಕದ ಎರಡು ಭಾರವಾದ ರೂಪಗಳು) ಸೇರಿಸಿ ನಡೆಸುವುದು 2039ಕ್ಕೆ. ಅದೂ ವಿದ್ಯುತ್ ಉತ್ಪಾದನೆಗಲ್ಲ, ಬರೀ ಪ್ರಯೋಗಕ್ಕೆ. ಮಾವಿನ ಮರ ಹೂ ಬಿಟ್ಟಿತೆಂದು ಉಪ್ಪಿನಕಾಯಿಯ ಭರಣಿ ತೊಳೆದಿಟ್ಟ ಹಾಗಾಗಬಾರದು, ಅಷ್ಟೆ.

ರಿಫೈನರಿ ಕ್ಷೇತ್ರದಲ್ಲಿ ಅನುಭವಕ್ಕೆ ತಕ್ಕ ಸಂಬಳವಿದೆ, ಕೊಲ್ಲಿ ದೇಶಗಳ ದಾರಿಯೂ ತೆರೆದಿದೆ. ಅದನ್ನು ಬಿಟ್ಟು ಹೋಗುವ ಮೊದಲು ಎರಡು ಸಲ ಯೋಚಿಸಿ ಎಂದಷ್ಟೇ ನನ್ನ ಸಲಹೆ. ಅಲ್ಲಿನ ತಾಂತ್ರಿಕ ಕೆಲಸದ ಬಗ್ಗೆ ನನಗೆ ತಿಳಿಯದು, ತಿಳಿದವರು ಹೇಳಲಿ.

ಬ್ರಹ್ಮಾವರದಿಂದ ಹೊರಟವ ಅವರ ಉತ್ತರ

ನಾನು ಈ ಕ್ಷೇತ್ರದಲ್ಲೇ ಡಿಸೈನ್ ಕೆಲಸ ಮಾಡುವವನು, ಊರು ಬ್ರಹ್ಮಾವರ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಕೆಲಸದ ಸ್ವರೂಪವನ್ನು ಮಾತ್ರ ಬರೆಯುತ್ತೇನೆ.

ಮೊದಲು ನಿಮ್ಮ ಅಳುಕಿನ ವಿಷಯ. ಪ್ಲಾಸ್ಮಾವನ್ನು ಹೇಗೆ ಹಿಡಿದಿಡಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ಭೌತವಿಜ್ಞಾನಿಗಳ ತಲೆನೋವು. ಡಿಸೈನ್ ಇಂಜಿನಿಯರ್ ಮೇಜಿಗೆ ಬರುವುದು ಲೋಡ್ ಸ್ಪೆಸಿಫಿಕೇಶನ್ ಎಂಬ ದಪ್ಪ ಕಂತೆ. ಈ ಮೇಲ್ಮೈಗೆ ಇಷ್ಟು ಶಾಖ ಬೀಳುತ್ತದೆ, ಈ ಗೋಡೆಯ ಮೇಲೆ ಇಷ್ಟು ಬಲ ಇಷ್ಟು ಮಿಲಿಸೆಕೆಂಡಿನ ಕಾಲ ಎರಗುತ್ತದೆ, ನ್ಯೂಟ್ರಾನ್‌ಗಳಿಂದ ಉಕ್ಕಿನ ಒಳಗೆ ಇಷ್ಟು ಕಾವು ಹುಟ್ಟುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ತಾಳುವ, ತಯಾರಿಸಲು ಸಾಧ್ಯವಾಗುವ, ಕೆಟ್ಟರೆ ಬಿಚ್ಚಲು ಬರುವ ವಸ್ತುವನ್ನು ರೂಪಿಸುವುದು ನಮ್ಮ ಪಾಲು. ಆ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಅರ್ಥಮಾಡಿಕೊಳ್ಳುವಷ್ಟು ಭೌತಶಾಸ್ತ್ರ ಬೇಕು; ಅದನ್ನು ಕೆಲಸ ಮಾಡುತ್ತಲೇ ಕಲಿಯಬಹುದು.

ನಿಮ್ಮ ವಿದ್ಯೆಗೆ ಬೆಲೆ ಇದೆಯೇ ಎಂದು ಕೇಳಿದ್ದೀರಿ. ಐಟರ್ ಯಂತ್ರವನ್ನು ಪೂರ್ತಿಯಾಗಿ ಸುತ್ತುವರಿಯುವ ಕ್ರಯೋಸ್ಟಾಟ್, ಅಂದರೆ ಒಳಗಿನ ತಂಪನ್ನು ಕಾಯುವ ನಿರ್ವಾತದ ಹೊರಕವಚ, ಭಾರತದ ಕೊಡುಗೆ. ಎತ್ತರ ಮತ್ತು ವ್ಯಾಸ ಎರಡೂ ಸುಮಾರು 29 ಮೀಟರ್, ತೂಕ 3,850 ಟನ್. ಸೂರತ್ ಬಳಿಯ ಹಜೀರಾದಲ್ಲಿ ಲಾರ್ಸೆನ್ ಆಂಡ್ ಟೂಬ್ರೊ ಕಂಪನಿ ಅದನ್ನು 54 ಭಾಗಗಳಾಗಿ ತಯಾರಿಸಿ ಹಡಗಿನಲ್ಲಿ ಕಳುಹಿಸಿತು, ಫ್ರಾನ್ಸಿನಲ್ಲಿ ಅವುಗಳನ್ನು ಕೂಡಿಸಿ ವೆಲ್ಡ್ ಮಾಡಲಾಯಿತು. 1,250 ಟನ್ ತೂಕದ ತಳಭಾಗವನ್ನು 2020ರ ಮೇ ತಿಂಗಳಿನಲ್ಲಿ ಗುಂಡಿಗೆ ಇಳಿಸಲಾಯಿತು. ಅದರ ವಿನ್ಯಾಸ ನಡೆದದ್ದು ಎಎಸ್‌ಎಂಇ ಸೆಕ್ಷನ್ 8, ಡಿವಿಷನ್ 2ರ ಪ್ರಕಾರ. ಒಳಗೆ ನಿರ್ವಾತ, ಹೊರಗೆ ವಾಯುಮಂಡಲದ ಒತ್ತಡ, ಹಾಗಾಗಿ ಬಕ್ಲಿಂಗ್ (ಗೋಡೆ ಒಳಕ್ಕೆ ಕುಸಿಯುವುದು) ಪರಿಶೀಲನೆ. ನೀವು ಈಗ ನಿರ್ವಾತದಲ್ಲಿ ನಡೆಯುವ ಪಾತ್ರೆಗಳಿಗೆ ಹಾಕುವ ಲೆಕ್ಕವೇ ಅಲ್ಲಿಯದೂ. ಗಾತ್ರ ಬೇರೆ, ನಿಯಮ ಬೇರೆಯಲ್ಲ.

ಆದರೆ ಯಂತ್ರದ ಒಳಭಾಗಕ್ಕೆ ಹೋದಂತೆ ಪ್ರೆಷರ್ ವೆಸೆಲ್ ಇಂಜಿನಿಯರ್‌ನ ಕೆಲವು ಅಭ್ಯಾಸಗಳನ್ನು ಬಿಡಬೇಕಾಗುತ್ತದೆ. ಅದರಲ್ಲಿ ಮುಖ್ಯವಾದದ್ದು ದಪ್ಪದ ಮೇಲಿನ ನಂಬಿಕೆ. ಸ್ಟ್ರೆಸ್ (ಲೋಹದೊಳಗಿನ ಬಿಗಿತ) ಜಾಸ್ತಿ ಬಂತೆಂದರೆ ಪ್ಲೇಟಿನ ದಪ್ಪವನ್ನು ಮುಂದಿನ ಗಾತ್ರಕ್ಕೆ ಏರಿಸುವುದು ನಮ್ಮೆಲ್ಲರ ಕೈಗೆ ಬಂದ ಅಭ್ಯಾಸ, ಒತ್ತಡದ ಲೆಕ್ಕದಲ್ಲಿ ಅದು ಸರಿಯೂ ಹೌದು. ಈಗ ಪ್ಲಾಸ್ಮಾಕ್ಕೆ ಮುಖಮಾಡಿದ, ಹಿಂಬದಿಯಲ್ಲಿ ನೀರು ಹರಿಯುವ 10 ಮಿಲಿಮೀಟರ್ ದಪ್ಪದ 316ಎಲ್ ಸ್ಟೇನ್‌ಲೆಸ್ ಉಕ್ಕಿನ ಪ್ಲೇಟನ್ನು ತೆಗೆದುಕೊಳ್ಳಿ. ಚದರ ಮೀಟರಿಗೆ ಅರ್ಧ ಮೆಗಾವ್ಯಾಟ್ ಶಾಖ ಅದರ ಮೂಲಕ ಹಾದುಹೋಗಬೇಕು ಎಂದಿಟ್ಟುಕೊಳ್ಳೋಣ. ಈ ಉಕ್ಕಿನ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 16 ವ್ಯಾಟ್ ಮಾತ್ರ, ಆದ್ದರಿಂದ ಎರಡು ಮುಖಗಳ ನಡುವಿನ ಉಷ್ಣಾಂಶ ವ್ಯತ್ಯಾಸ 310 ಡಿಗ್ರಿ ದಾಟುತ್ತದೆ. ಪ್ಲೇಟು ಬಾಗದಂತೆ ಸುತ್ತಲಿನ ರಚನೆ ಹಿಡಿದಿದ್ದರೆ ಹುಟ್ಟುವ ಥರ್ಮಲ್ ಸ್ಟ್ರೆಸ್ ಸುಮಾರು 690 ಮೆಗಾಪ್ಯಾಸ್ಕಲ್. 316ಎಲ್ ಉಕ್ಕಿನ ಕನಿಷ್ಠ ಯೀಲ್ಡ್ ಬಲ, ಅಂದರೆ ಲೋಹ ಶಾಶ್ವತವಾಗಿ ಬಾಗಲು ತೊಡಗುವ ಮಟ್ಟ, ಕೊಠಡಿಯ ಉಷ್ಣಾಂಶದಲ್ಲೇ 170ರ ಆಸುಪಾಸು. ದಪ್ಪವನ್ನು 20ಕ್ಕೆ ಏರಿಸಿದರೆ ಸ್ಟ್ರೆಸ್ ಇಮ್ಮಡಿಯಾಗುತ್ತದೆ, 5ಕ್ಕೆ ಇಳಿಸಿದರೆ ಅರ್ಧವಾಗುತ್ತದೆ. ಅದೇ ಜಾಗದಲ್ಲಿ ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಮಿಶ್ರಲೋಹವನ್ನು ಇಟ್ಟರೆ ಉಷ್ಣಾಂಶ ವ್ಯತ್ಯಾಸ ಹದಿನಾರು ಡಿಗ್ರಿಯ ಒಳಗೆ ನಿಲ್ಲುತ್ತದೆ. ಇದನ್ನು ನೀವೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿ. ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ತೋರುವುದಿಲ್ಲ.

ಐಟರ್‌ನ ತಳದಲ್ಲಿ ಡೈವರ್ಟರ್ ಎಂಬ ಭಾಗವಿದೆ. ಪ್ಲಾಸ್ಮಾದ ಕಸವನ್ನೂ ಶಾಖವನ್ನೂ ತೆಗೆದುಕೊಳ್ಳುವ ಆ ಭಾಗದ ಮೇಲೆ ಚದರ ಮೀಟರಿಗೆ 10 ಮೆಗಾವ್ಯಾಟ್ ನಿರಂತರವಾಗಿ, ಅಲ್ಪಕಾಲಕ್ಕೆ 20 ಮೆಗಾವ್ಯಾಟ್‌ವರೆಗೆ ಶಾಖ ಬೀಳಬಹುದು. ಟಂಗ್‌ಸ್ಟನ್ನಿನ ಸಣ್ಣ ಸಣ್ಣ ಗಟ್ಟಿಗಳ ನಡುವೆ ರಂಧ್ರ ಮಾಡಿ, ಆ ತಾಮ್ರ ಮಿಶ್ರಲೋಹದ ಕೊಳವೆಯನ್ನು ಅದರೊಳಗೆ ಬೆಸೆದು, ನೀರು ಹರಿಸುವ ವಿನ್ಯಾಸ ಏಕೆ ಬಂತು ಎಂಬುದು ಮೇಲಿನ ಲೆಕ್ಕ ಮಾಡಿದವರಿಗೆ ತಾನಾಗಿ ಹೊಳೆಯುತ್ತದೆ.

ದಪ್ಪದ ವಿರುದ್ಧ ಇನ್ನೊಂದು ವಾದವೂ ಇದೆ. ಐಟರ್‌ನ ಪ್ಲಾಸ್ಮಾದಲ್ಲಿ ಒಂದೂವರೆ ಕೋಟಿ ಆಂಪಿಯರ್ ವಿದ್ಯುತ್ ಹರಿಯುತ್ತದೆ. ಪ್ಲಾಸ್ಮಾ ಹಠಾತ್ತಾಗಿ ಕುಸಿದರೆ ಅದು ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ, ಸುತ್ತಲಿನ ಲೋಹದಲ್ಲೆಲ್ಲ ಪ್ರೇರಿತ ವಿದ್ಯುತ್ ಏಳುತ್ತದೆ. ಅದು ಪ್ರಬಲ ಕಾಂತಕ್ಷೇತ್ರದೊಳಗೆ ಹರಿಯುವುದರಿಂದ ಪಾತ್ರೆಯ ಮೇಲೆ ಸಾವಿರಾರು ಟನ್ ಬಲ ಬೀಳಬಹುದು. ಗೋಡೆ ದಪ್ಪವಾದಷ್ಟೂ ವಿದ್ಯುತ್ತಿಗೆ ಅಡ್ಡಿ ಕಡಿಮೆ, ಸುಳಿವಿದ್ಯುತ್ತು ಹೆಚ್ಚು. ಅದಕ್ಕಾಗಿಯೇ ಒಳಭಾಗದ ಬ್ಲಾಕ್‌ಗಳಲ್ಲಿ ಉದ್ದಕ್ಕೂ ಸೀಳುಗಳನ್ನು ಕೊಯ್ದಿರುತ್ತಾರೆ. ಪೆಟ್ರೋಕೆಮಿಕಲ್ ಕಡೆಯಿಂದ ಬಂದವರಿಗೆ ಈ ಅಧ್ಯಾಯ ಪೂರ್ತಿ ಹೊಸದು.

ಇನ್ನು ಕುಗ್ಗುವ ಹಿಗ್ಗುವ ಲೆಕ್ಕ. ಪ್ಲಾಸ್ಮಾವನ್ನು ಹಿಡಿದಿಡುವ ಅತಿವಾಹಕ ಕಾಂತಗಳು 4 ಕೆಲ್ವಿನ್, ಅಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ ಇರಬೇಕು. ಅಷ್ಟು ತಂಪಿಗೆ ಸ್ಟೇನ್‌ಲೆಸ್ ಉಕ್ಕು ಮೀಟರಿಗೆ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ಅದರ ಮಗ್ಗುಲಲ್ಲೇ ನಿರ್ವಾತ ಪಾತ್ರೆಯನ್ನು ಒಳಗಿನ ತೇವ ಮತ್ತು ಅನಿಲ ಬಿಡಿಸಲು 200 ಡಿಗ್ರಿಗೆ ಕಾಯಿಸುತ್ತಾರೆ. ಅದು ಮೀಟರಿಗೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಒಂದು ಒಳಕ್ಕೆ ಬರುತ್ತದೆ, ಇನ್ನೊಂದು ಹೊರಕ್ಕೆ ಹೋಗುತ್ತದೆ, ನಡುವೆ ಇರುವುದು ಕಿರಿದಾದ ಎಡೆ, ಆ ಎಡೆಯಲ್ಲಿ ಥರ್ಮಲ್ ಶೀಲ್ಡ್ (ಶಾಖ ತಡೆಯುವ ಮರೆ) ಬೇರೆ ಕೂರಬೇಕು. ಆಧಾರಗಳು ನೂರಾರು ಟನ್ ತೂಕವನ್ನೂ ಭೂಕಂಪದ ಬಲವನ್ನೂ ಹೊರಬೇಕು, ಆದರೆ ತ್ರಿಜ್ಯದ ದಿಕ್ಕಿನಲ್ಲಿ ಬಳುಕಬೇಕು, ಮೇಲಾಗಿ ಶಾಖವನ್ನು ಒಳಗೆ ಒಯ್ಯಬಾರದು. ಹೀಟ್ ಎಕ್ಸ್‌ಚೇಂಜರ್‌ನ ಸ್ಯಾಡಲ್‌ನಲ್ಲಿ ಒಂದು ಬದಿಗೆ ಉದ್ದ ರಂಧ್ರ ಕೊಟ್ಟು ಜಾರಲು ಬಿಡುತ್ತೀರಲ್ಲ, ಅದೇ ಚಿಂತನೆಯನ್ನು ಇಲ್ಲಿ ಹತ್ತು ಪಟ್ಟು ಕಠಿಣಗೊಳಿಸಿದ್ದಾರೆ ಎನ್ನಬಹುದು.

ನಿರ್ವಾತದ ಶಿಸ್ತು ಬೇರೆಯೇ. ತಳ ಮುಚ್ಚಿದ ಸಾಧಾರಣ ಕುರುಡು ರಂಧ್ರಕ್ಕೆ ಬೋಲ್ಟ್ ತಿರುಗಿಸಿದರೆ ತಳದಲ್ಲಿ ಒಂದಿಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ಅದು ತಿರುಪಿನ ಎಳೆಗಳ ಸಂದಿಯಿಂದ ವಾರಗಟ್ಟಲೆ ಒಸರುತ್ತಾ, ಎಲ್ಲೂ ತೂತಿಲ್ಲದಿದ್ದರೂ ಪಾತ್ರೆ ಸೋರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹಾಗಾಗಿ ಬೋಲ್ಟಿನ ನಡುವೆ ಉದ್ದಕ್ಕೆ ತೂತು ಕೊರೆಯುತ್ತಾರೆ ಇಲ್ಲವೇ ರಂಧ್ರಕ್ಕೆ ಉಸಿರುದಾರಿ ಕೊಡುತ್ತಾರೆ. ಎರಡೂ ಬದಿಯಿಂದ ಪೂರ್ತಿ ಫಿಲೆಟ್ ವೆಲ್ಡ್ ಹಾಕುವಂತಿಲ್ಲ, ನಡುವೆ ಗಾಳಿ ಬಂದಿಯಾಗುತ್ತದೆ. ನಿರ್ವಾತದ ಬದಿಯ ವೆಲ್ಡ್ ಮಾತ್ರ ಅಖಂಡವಾಗಿರಬೇಕು. ಗ್ರೀಸ್ ಹಚ್ಚುವಂತಿಲ್ಲ, ಹಚ್ಚದೆ ಸ್ಟೇನ್‌ಲೆಸ್ ಬೋಲ್ಟನ್ನು ಸ್ಟೇನ್‌ಲೆಸ್ ರಂಧ್ರಕ್ಕೆ ಬಿಗಿದರೆ ಅದು ಅಲ್ಲೇ ಕಚ್ಚಿಕೊಂಡು ಕುಳಿತೀತು, ಆದ್ದರಿಂದ ಬೆಳ್ಳಿಯ ಲೇಪ ಅಥವಾ ಬೇರೆ ಲೋಹದ ಒಳಎಳೆ. ಹೀಲಿಯಂ ಲೀಕ್ ಡಿಟೆಕ್ಟರ್ ಹಿಡಿದು ಪರೀಕ್ಷಿಸುವಾಗ ಸೆಕೆಂಡಿಗೆ ಒಂದು ಮಿಲಿಬಾರ್-ಲೀಟರ್‌ನ ನೂರು ಕೋಟಿಯ ಒಂದು ಭಾಗದಷ್ಟು ಸೋರಿಕೆಯೂ ಕಾಣುತ್ತದೆ. ಆ ವೇಗದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ಸೋರಲು ಮೂವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ. ನಮ್ಮ ಕಡೆಯ ಹೈಡ್ರೋ ಟೆಸ್ಟಿನಲ್ಲಿ (ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ) ಒಂದು ಹನಿ ಕಾಣದಿದ್ದರೆ ಪಾಸು; ಅಲ್ಲಿ ಅದು ಪರೀಕ್ಷೆಯ ಆರಂಭವೂ ಅಲ್ಲ.

ದಿನವಿಡೀ ಇದನ್ನೇ ಮಾಡುತ್ತೇವೆಯೇ ಎಂದರೆ, ಇಲ್ಲ. ಅರ್ಧಕ್ಕಿಂತ ಹೆಚ್ಚು ಸಮಯ ಇಂಟರ್‌ಫೇಸ್ ದಾಖಲೆ, ವಿನ್ಯಾಸ ಪರಿಶೀಲನಾ ಸಭೆ, ತಯಾರಕರಿಂದ ಬರುವ ವಿಚಲನೆ ಕೋರಿಕೆಗಳಲ್ಲಿ ಕಳೆಯುತ್ತದೆ. ನಿಮ್ಮ ಭಾಗ ಪಕ್ಕದವರ ಭಾಗಕ್ಕೆ ತಗಲುವ ಪ್ರತಿ ಬಿಂದುವಿಗೂ ಕಾಗದವಿದೆ, ಪಕ್ಕದವರು ಬೇರೆ ದೇಶದಲ್ಲಿ ಇರಬಹುದು. ಇದು ಬೇಸರ ತರಿಸುವ ಕೆಲಸವೆಂದು ಮುಂಚಿತವಾಗಿಯೇ ಹೇಳಿಬಿಡುತ್ತೇನೆ.

ಕೂಳೂರಿನವರ ಮಾತಿಗೆ ಒಂದೇ ಉತ್ತರ: ಅವರು ಕೊಟ್ಟ ಇಸವಿಗಳು ಸರಿ. ಆದರೆ ನಿರ್ವಾತ, ಕ್ರಯೋಜೆನಿಕ್ಸ್, ಹೆಚ್ಚಿನ ಶಾಖದ ಲೆಕ್ಕ ಇವನ್ನು ಕಲಿತವರಿಗೆ ಬಾಹ್ಯಾಕಾಶ, ವೇಗವರ್ಧಕ, ಸೆಮಿಕಂಡಕ್ಟರ್ ಯಂತ್ರೋಪಕರಣ ಎಲ್ಲ ಕಡೆಯೂ ಬಾಗಿಲು ತೆರೆದಿರುತ್ತದೆ. ಯಂತ್ರ ಓಡುವುದು ತಡವಾದರೂ ಕಲಿತ ವಿದ್ಯೆ ಕೆಲಸಕ್ಕೆ ಬರಲು 2039ರವರೆಗೆ ಕಾಯಬೇಕಾಗಿಲ್ಲ.

ಸುರತ್ಕಲ್ ವರ್ಕ್‌ಶಾಪ್ ಅವರ ಉತ್ತರ

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಸ್ತುವಿಜ್ಞಾನ ಮತ್ತು ಉತ್ಪಾದನಾ ತಂತ್ರಜ್ಞಾನ ಕಲಿಸುತ್ತಿದ್ದವನು, ಈಗ ನಿವೃತ್ತ. ಬ್ರಹ್ಮಾವರದವರು ವಿನ್ಯಾಸದ ಬದಿಯನ್ನು ಚೆನ್ನಾಗಿ ಬರೆದಿದ್ದಾರೆ. ನಾನು ವಸ್ತು ಮತ್ತು ವೆಲ್ಡಿಂಗ್ ಬದಿಯನ್ನು ಸೇರಿಸುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಅದರಲ್ಲಿ ಒಂದು ಅನುಕೂಲವಿದೆ.

ಐಟರ್‌ನ ಥರ್ಮಲ್ ಶೀಲ್ಡ್ ಎಂದರೆ ಬಿಸಿ ಪಾತ್ರೆಗೂ ತಣ್ಣನೆಯ ಕಾಂತಗಳಿಗೂ ನಡುವೆ ನಿಲ್ಲುವ, ಬೆಳ್ಳಿ ಲೇಪಿಸಿದ ಸ್ಟೇನ್‌ಲೆಸ್ ಹಲಗೆಗಳ ಮರೆ. ಅದನ್ನು ತಂಪಾಗಿಡಲು ಒಟ್ಟು ಸುಮಾರು 23 ಕಿಲೋಮೀಟರ್ ಉದ್ದದ ಕೊಳವೆಗಳನ್ನು ಆ ಹಲಗೆಗಳಿಗೆ ವೆಲ್ಡ್ ಮಾಡಲಾಗಿತ್ತು, ಅವುಗಳಲ್ಲಿ ಹೀಲಿಯಂ ಹರಿಯಬೇಕು. 2021ರ ನವೆಂಬರ್‌ನಲ್ಲಿ ಪರೀಕ್ಷೆಯ ಹೊತ್ತಿಗೆ ಒಂದು ಕಡೆ ಸೋರಿಕೆ ಕಂಡಿತು. ಹುಡುಕುತ್ತಾ ಹೋದಾಗ ಕೊಳವೆಗಳಲ್ಲಿ 2 ಮಿಲಿಮೀಟರ್‌ಗೂ ಹೆಚ್ಚು ಆಳದ ಬಿರುಕುಗಳಿದ್ದವು. ಕಾರಣ ಸ್ಟ್ರೆಸ್ ಕೊರೋಷನ್: ಕೊಳವೆ ಬಾಗಿಸಿದ್ದರಿಂದ ಮತ್ತು ವೆಲ್ಡ್ ಮಾಡಿದ್ದರಿಂದ ಉಳಿದ ಸ್ಟ್ರೆಸ್ ಒಂದು ಕಡೆ, ವೆಲ್ಡ್‌ನ ಪಕ್ಕದ ಸಣ್ಣ ಸಂದುಗಳಲ್ಲಿ ಉಳಿದಿದ್ದ ಕ್ಲೋರಿನ್ ಅಂಶ ಇನ್ನೊಂದು ಕಡೆ. ಗುಂಡಿಗೆ ಆಗಲೇ ಇಳಿಸಿದ್ದ ಭಾರೀ ಸೆಕ್ಟರ್ ಮಾಡ್ಯೂಲ್ (ಯಂತ್ರದ ಒಂದು ಹೋಳು) ಒಂದನ್ನು 2023ರ ಜುಲೈನಲ್ಲಿ ಮತ್ತೆ ಮೇಲಕ್ಕೆತ್ತಿ ಬಿಚ್ಚಬೇಕಾಯಿತು. 15 ಕೋಟಿ ಡಿಗ್ರಿಯ ಪ್ಲಾಸ್ಮಾಕ್ಕೆಂದು ಕಟ್ಟುತ್ತಿರುವ ಯಂತ್ರವನ್ನು ಹಿಂದಕ್ಕೆಳೆದದ್ದು ಮೂಲೆಯಲ್ಲಿ ಉಳಿದ ಕ್ಲೋರೈಡ್ ಎಂಬುದನ್ನು ಪ್ಲಾಸ್ಮಾದ ಮಾತನ್ನೇ ಆಡುವವರು ಗಮನಿಸುವುದು ಕಡಿಮೆ.

ಪಣಂಬೂರಿನಿಂದ ಪಡುಬಿದ್ರಿಯವರೆಗೆ ಸ್ಟೇನ್‌ಲೆಸ್ ಉಕ್ಕಿನ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ಗಾಳಿ ತಾಗುವ ಅಂಗಳದಲ್ಲಿ 304 ಪ್ಲೇಟನ್ನು ಹೊದಿಕೆಯಿಲ್ಲದೆ ಬಿಟ್ಟರೆ ಒಂದು ಮಳೆಗಾಲದಲ್ಲಿ ಕಂದು ಕಲೆ ಏಳುತ್ತದೆ. ಸ್ಟೇನ್‌ಲೆಸ್ ಪಾತ್ರೆಯ ಹೈಡ್ರೋ ಟೆಸ್ಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಸಾಮಾನ್ಯವಾಗಿ 50 ಪಿಪಿಎಂ ಮೀರಬಾರದೆಂದು ಗ್ರಾಹಕರು ಷರತ್ತು ಹಾಕುತ್ತಾರೆ. ಮೇ ತಿಂಗಳಿನಲ್ಲಿ ನಮ್ಮ ಕಡೆಯ ಎಷ್ಟೋ ಬಾವಿಗಳ ನೀರು ಉಪ್ಪಾಗುವುದರಿಂದ ಟ್ಯಾಂಕರ್ ತರಿಸಿ, ನೀರಿನ ವರದಿ ನೋಡಿ, ಪರೀಕ್ಷೆ ಮುಗಿದ ಕೂಡಲೇ ನೀರು ಬಸಿದು ಒಣಗಿಸುವುದು ಇಲ್ಲಿನ ರೂಢಿ. ಪೆನ್‌ಸಿಲ್ ಹಿಡಿದು ಸಂದು ಬರೆಯುವಾಗಲೇ ಇಲ್ಲಿ ನೀರು ನಿಲ್ಲುತ್ತದೆಯೇ, ತೊಳೆದರೆ ಹೊರಬರುತ್ತದೆಯೇ ಎಂದು ಕೇಳಿಕೊಳ್ಳುವ ಅಭ್ಯಾಸ ನಿಮಗೆ ಇದ್ದರೆ ಅದನ್ನು ಸಂದರ್ಶನದಲ್ಲಿ ಸಂಕೋಚವಿಲ್ಲದೆ ಹೇಳಿ.

ವಸ್ತುವಿನ ಆಯ್ಕೆಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ನ್ಯೂಟ್ರಾನ್‌ನ ಪರಿಣಾಮ. ಡ್ಯೂಟೀರಿಯಂ-ಟ್ರಿಟಿಯಂ ಕ್ರಿಯೆಯಿಂದ ಹೊರಬರುವ ನ್ಯೂಟ್ರಾನ್‌ನ ಶಕ್ತಿ ಸುಮಾರು 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅದು ಉಕ್ಕಿನೊಳಗೆ ನುಗ್ಗಿ ಕೆಲವು ಮೂಲಧಾತುಗಳನ್ನು ವಿಕಿರಣಶೀಲವಾಗಿಸುತ್ತದೆ. ನಮ್ಮ ಸಾಧಾರಣ ಸ್ಟೇನ್‌ಲೆಸ್‌ನಲ್ಲಿ ನಿಕ್ಕಲ್ ಜೊತೆಗೆ ಬರುವ ಅಲ್ಪ ಕೋಬಾಲ್ಟನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಅಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಕೋಬಾಲ್ಟ್-60ರ ಅರ್ಧಾಯುಷ್ಯ ಐದು ವರ್ಷಕ್ಕಿಂತ ಹೆಚ್ಚು, ಅಷ್ಟು ಕಾಲ ಮನುಷ್ಯರು ಹತ್ತಿರ ಹೋಗುವುದು ಕಷ್ಟ. ಆದ್ದರಿಂದಲೇ ಒಳಭಾಗದ ರಿಪೇರಿಯೆಲ್ಲ ದೂರನಿಯಂತ್ರಿತ ಕೈಗಳಿಂದ. ಬೋಲ್ಟ್ ಬಿಚ್ಚಿದರೂ ಕೆಳಗೆ ಬೀಳದ ಹಾಗೆ, ಭಾಗವನ್ನು ಕಣ್ಣಿಂದ ನೋಡದೆ ಕೂರಿಸಿದರೂ ತಾನಾಗಿ ಜಾಗಕ್ಕೆ ಸರಿಯುವ ಹಾಗೆ ಮಾರ್ಗದರ್ಶಿ ಪಿನ್‌ಗಳನ್ನು ಕೊಡುವ ವಿನ್ಯಾಸ ಬೇಕಾಗುತ್ತದೆ.

ಎಂ.ಟೆಕ್. ಬಗ್ಗೆ: ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಮಾಡಬೇಕಾಗಿಲ್ಲ. ಮಾಡುವುದಾದರೆ ಥರ್ಮಲ್ ಅಥವಾ ಡಿಸೈನ್ ವಿಷಯದಲ್ಲಿ ಮಾಡಿ. ಇಲ್ಲಿಯೇ ಎನ್‌ಐಟಿಕೆ ಇದೆ, ಮಣಿಪಾಲವಿದೆ. ಕೆಲಸವೇ ಕೈಗೆ ಬರುವಂತಿದ್ದರೆ ಓದನ್ನು ಮುಂದೂಡುವುದು ಒಳಿತು ಎಂಬುದು ನನ್ನ ಅಭಿಪ್ರಾಯ. ಸರಕಾರಿ ದಾರಿ ಬೇಕೆನ್ನುವವರಿಗೆ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇದೆ. 1989ರಲ್ಲಿ ಕಾರ್ಯಾರಂಭ ಮಾಡಿದ ಆದಿತ್ಯ, 2013ರಲ್ಲಿ ಮೊದಲ ಪ್ಲಾಸ್ಮಾ ಕಂಡ ಎಸ್‌ಎಸ್‌ಟಿ-1, ಈ ಎರಡೂ ಫ್ಯೂಷನ್ ಪ್ರಯೋಗ ಯಂತ್ರಗಳು ಅಲ್ಲಿಯವು. ಐಟರ್‌ಗೆ ಭಾರತದ ಪಾಲನ್ನು ಒದಗಿಸುವ ಐಟರ್-ಇಂಡಿಯಾ ಕೂಡ ಅದರ ಅಂಗ. ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ ಗೇಟ್ ಅಂಕ ಅಥವಾ ತನ್ನದೇ ಪರೀಕ್ಷೆಯ ಮೂಲಕ ಮೆಕ್ಯಾನಿಕಲ್ ಪದವೀಧರರನ್ನು ತೆಗೆದುಕೊಳ್ಳುತ್ತದೆ. ವಯೋಮಿತಿಯನ್ನು ಪ್ರಕಟಣೆಯಲ್ಲಿ ನೋಡಿಕೊಳ್ಳಿ, ಅನುಭವಸ್ಥರಿಗೆ ಅದು ತೊಡಕಾಗಬಹುದು.

ಮುಲ್ಕಿಯ ಡ್ರಾಯಿಂಗ್ ಬೋರ್ಡ್ ಅವರ ಮರುಪ್ರಶ್ನೆ

ಸರ್, ಬ್ರಹ್ಮಾವರದವರೇ, ಇಬ್ಬರಿಗೂ ಕೃತಜ್ಞತೆಗಳು. ಕೂಳೂರಿನವರ ಎಚ್ಚರಿಕೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹತ್ತು ಮಿಲಿಮೀಟರ್ ಪ್ಲೇಟಿನ ಲೆಕ್ಕವನ್ನು ಮಾಡಿ ನೋಡಿದೆ. 690ರ ಹತ್ತಿರವೇ ಬಂತು. ಇಷ್ಟು ದಿನ ಥರ್ಮಲ್ ಸ್ಟ್ರೆಸ್ ಎಂದರೆ ಹೀಟ್ ಎಕ್ಸ್‌ಚೇಂಜರ್‌ನ ಕೊಳವೆ ಹಿಡಿಯುವ ಟ್ಯೂಬ್‌ಶೀಟ್‌ಗೆ ಮಾತ್ರ ಸಂಬಂಧಿಸಿದ್ದು ಎಂಬಂತೆ ನಡೆದುಕೊಂಡಿದ್ದೆವು.

ಎರಡು ಸಂದೇಹ ಉಳಿದಿವೆ. ಮೊದಲನೆಯದು ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸದ ಕುರಿತು. ನಮ್ಮ ಶೆಲ್‌ಗಳಲ್ಲಿ ವೆಲ್ಡ್ ಆದ ಮೇಲೆ ಕೆಲವು ಮಿಲಿಮೀಟರ್ ಆಚೀಚೆ ಬಂದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಫ್ಲೇಂಜ್ ಮುಖ ಮತ್ತು ಬೋಲ್ಟ್ ರಂಧ್ರ ಸರಿಯಿದ್ದರೆ ಆಯಿತು. ಬೇರೆ ಬೇರೆ ದೇಶಗಳಲ್ಲಿ ತಯಾರಾದ ನೂರಾರು ಟನ್ನಿನ ತುಂಡುಗಳು ಕಡೆಗೆ ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ? ಎರಡನೆಯದು, ಇಂಥ ಕೆಲಸಗಳಲ್ಲಿ ಯಾವುದಾದರೂ ಭಾಗ ಕರ್ನಾಟಕದಲ್ಲೇ ನಡೆಯುತ್ತದೆಯೇ? ತಂದೆಯವರಿಗೆ ಹೇಳಲು ಅನುಕೂಲವಾದೀತು.

ಬ್ರಹ್ಮಾವರದಿಂದ ಹೊರಟವ ಅವರ ಉತ್ತರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಐಟರ್‌ನ ನಿರ್ವಾತ ಪಾತ್ರೆಗೆ ಎರಡು ಪದರದ ಗೋಡೆ. ಆ ಗೋಡೆಗಳ ನಡುವೆ ನ್ಯೂಟ್ರಾನ್ ತಡೆಯಲು ಬೋರಾನ್ ಬೆರೆತ ಉಕ್ಕಿನ ಸಾವಿರಾರು ಬ್ಲಾಕ್‌ಗಳನ್ನು ತುಂಬುತ್ತಾರೆ. ಅವು ಭಾರತದ ಪಾಲಿಗೆ ಬಂದವು, ತಯಾರಾದದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್‌ನಲ್ಲಿ. ಪಾತ್ರೆಯ ವಕ್ರತೆಗೆ ತಕ್ಕಂತೆ ಬಹುಪಾಲು ಬ್ಲಾಕ್‌ಗಳ ಆಕಾರ ಬೇರೆ ಬೇರೆ. ಅಷ್ಟು ತರಹದ ಡ್ರಾಯಿಂಗ್‌ಗಳನ್ನು ಸಂಭಾಳಿಸುವುದು ಎಂಥ ಕೆಲಸವೆಂದು ನಿಮ್ಮಂಥವರಿಗೆ ಬೇಗ ಅರ್ಥವಾದೀತು. ಮಂಗಳೂರಿನಲ್ಲೇ ಕುಳಿತು ಮಾಡುವ ಹುದ್ದೆಯನ್ನು ನಾನು ಕಂಡಿಲ್ಲ. ಆದ್ದರಿಂದ ಊರು ಬಿಡುವ ಪ್ರಶ್ನೆಯಲ್ಲಿ ತಂದೆಯವರು ಗೆಲ್ಲುತ್ತಾರೆ.

ಇನ್ನು ಟಾಲರೆನ್ಸ್. ಪಾತ್ರೆಯನ್ನು ಕಿತ್ತಳೆಯ ತೊಳೆಗಳಂತೆ ಒಂಬತ್ತು ಸೆಕ್ಟರ್‌ಗಳಾಗಿ ಮಾಡುತ್ತಾರೆ, ಒಂದೊಂದರ ತೂಕ ಸುಮಾರು 440 ಟನ್. ಅಂಥ ದಪ್ಪ ವೆಲ್ಡ್‌ಗಳ ರಚನೆ ಎಷ್ಟು ಸೊಟ್ಟಗಾಗುತ್ತದೆ ಎಂಬುದನ್ನು ಮುಂಚಿತವಾಗಿ ಪೂರ್ತಿ ಹೇಳಲು ಯಾರಿಂದಲೂ ಆಗದು. ಮಲ್ಪೆಯಲ್ಲಿ ಹಡಗಿನ ಬ್ಲಾಕ್‌ಗಳನ್ನು ಜೋಡಿಸುವವರನ್ನು ಕೇಳಿದರೂ ಇದೇ ಮಾತು ಹೇಳಿಯಾರು. ಐಟರ್‌ನಲ್ಲೂ ಕೆಲವು ಸೆಕ್ಟರ್‌ಗಳ ಕೂಡುವ ಅಂಚುಗಳು ಒಪ್ಪಿದ ಅಳತೆಯಿಂದ ಆಚೆ ಹೋಗಿದ್ದವು, 2022ರಲ್ಲಿ ಆ ವಿಷಯವನ್ನು ಸಂಸ್ಥೆಯೇ ಬಹಿರಂಗಪಡಿಸಿತು. ಅಂಚುಗಳಿಗೆ ಲೋಹ ತುಂಬಿ ಅಥವಾ ಕೊರೆದು ಸರಿಪಡಿಸುವ ದೊಡ್ಡ ಕೆಲಸ ಅದರಿಂದ ಬಂತು. ಆಟೋಮ್ಯಾಟಿಕ್ ವೆಲ್ಡಿಂಗ್ ಯಂತ್ರ ಇಕ್ಕಟ್ಟಿನ ಸಂದಿನೊಳಗೆ ಚಲಿಸಬೇಕಾದರೆ ಎರಡು ಅಂಚುಗಳ ಅಂತರ ಒಂದೇ ಸಮನಾಗಿರಬೇಕು, ಅದಕ್ಕೇ ಆ ಹಟ.

ಹಾಗಾಗಿ ಅಲ್ಲಿ ಡಿಸೈನ್ ಎನ್ನುವುದು ಡ್ರಾಯಿಂಗ್ ಕೈಬಿಟ್ಟ ದಿನ ಮುಗಿಯುವುದಿಲ್ಲ. ತಯಾರಾದ ಭಾಗವನ್ನು ಲೇಸರ್ ಟ್ರ್ಯಾಕರ್‌ನಿಂದ ಅಳೆದು, ಆ ನಿಜವಾದ ಅಳತೆಗಳಿಂದ ಇನ್ನೊಂದು ಮಾದರಿ ಕಟ್ಟುತ್ತಾರೆ, ಅದರ ಪಕ್ಕಕ್ಕೆ ಬರುವ ಭಾಗದ ಮಾದರಿಯನ್ನು ಕಂಪ್ಯೂಟರ್‌ನಲ್ಲೇ ಕೂರಿಸಿ ನೋಡುತ್ತಾರೆ, ನಡುವಿನ ಜೋಡುಪಟ್ಟಿ ಅಥವಾ ಶಿಮ್ಮನ್ನು (ಎಡೆ ತುಂಬುವ ತಗಡು) ಆ ಒಂದು ಜಾಗಕ್ಕೆ ಮಾತ್ರ ಹೊಂದುವಂತೆ ಆಮೇಲೆ ಕೊರೆಯುತ್ತಾರೆ. ಎಲ್ಲಿ ಬಿಗಿ ಟಾಲರೆನ್ಸ್ ಬೇಕು, ಎಲ್ಲಿ ಸಡಿಲ ಬಿಟ್ಟು ಕಡೆಯಲ್ಲಿ ಶಿಮ್ ಹಾಕಿ ಸರಿದೂಗಿಸಬಹುದು ಎಂದು ಮೊದಲೇ ತೀರ್ಮಾನಿಸುವವರು ಒಳ್ಳೆಯ ಡಿಸೈನರ್‌ಗಳು. ಎಲ್ಲ ಅಳತೆಗೂ ಬಿಗಿ ಟಾಲರೆನ್ಸ್ ಹಾಕಿ ಕೈತೊಳೆದುಕೊಳ್ಳುವವರನ್ನು ತಯಾರಕರು ಬೈಯುತ್ತಾರೆ, ಬೈಯುವುದು ನ್ಯಾಯವೇ.

ಸಂದರ್ಶನಕ್ಕೆ ಹೋಗುವಾಗ ನೀವೇ ಮಾಡಿದ ಒಂದು ಹೀಟ್ ಎಕ್ಸ್‌ಚೇಂಜರ್ ಕೆಲಸವನ್ನು ಪೂರ್ತಿಯಾಗಿ ನೆನಪಿನಲ್ಲಿ ಕಟ್ಟಿಕೊಂಡು ಹೋಗಿ. ಗ್ರಾಹಕರ ಡ್ರಾಯಿಂಗ್ ಒಯ್ಯಬೇಡಿ, ಖಾಲಿ ಹಾಳೆಯ ಮೇಲೆ ಕೈಯಲ್ಲೇ ಚಿತ್ರ ಬರೆದು ವಿವರಿಸಿ: ಈ ಟಾಲರೆನ್ಸ್ ಏಕೆ ಕೊಟ್ಟೆ, ಈ ವೆಲ್ಡ್ ಏಕೆ ಈ ಬದಿಯಿಂದ, ವರ್ಕ್‌ಶಾಪಿನಲ್ಲಿ ತೊಂದರೆ ಬಂದಾಗ ಏನು ಬದಲಾಯಿಸಿದೆ ಎಂದು. ಫಾರ್ಮುಲಾ ಒಪ್ಪಿಸುವವರಿಗಿಂತ ಹೀಗೆ ಮಾತಾಡಬಲ್ಲವರನ್ನು ನಮ್ಮ ಕಡೆ ಹುಡುಕುತ್ತಿರುತ್ತಾರೆ. ಕ್ಯಾಟಿಯಾ ಡಿಸೈನ್ ಸಾಫ್ಟ್‌ವೇರ್ ಬಾರದಿದ್ದರೆ ಬಾರದೆಂದೇ ಹೇಳಿ, ಅದು ಕಲಿಯಲು ಹೆಚ್ಚು ಹೊತ್ತು ಹಿಡಿಯದ ವಿಷಯ. ಹುದ್ದೆ ಕಾಯಂ ಹೌದೋ, ಗುತ್ತಿಗೆಯಾದರೆ ಎಷ್ಟು ವರ್ಷಕ್ಕೆ, ಯೋಜನೆ ತಡವಾದರೆ ನವೀಕರಣ ಹೇಗೆ ಎಂಬುದನ್ನು ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಪಡೆದುಕೊಳ್ಳಿ. ತಂದೆಯವರಿಗೆ ತೋರಿಸಲು ಆ ಕಾಗದವೇ ಹೆಚ್ಚು ಉಪಯೋಗಕ್ಕೆ ಬಂದೀತು.